ಓದುಗರ ಪ್ರಶ್ನೆ: ಪೈಪಿನಿಂದ ಚಾಕುವಿನ ಒರೆ

ಪ್ರಶ್ನೆ: ದೋಣಿಯಲ್ಲಿ ಹಗ್ಗ, ಬಲೆ ಕೊಯ್ಯುವ ಚಾಕುವಿಗೆ ಚರ್ಮದ ಒರೆ ಇತ್ತು. ಮಳೆಗಾಲದಲ್ಲಿ ಬೂಸ್ಟು ಹಿಡಿಯಿತು, ಅಲಗಿಗೂ ತುಕ್ಕು ಬಂತು. ಪಿವಿಸಿ ಪೈಪನ್ನು ಒಲೆಯ ಮೇಲೆ ಕಾಯಿಸಿ ಒರೆ ಮಾಡಬಹುದೇ?
– ಓದುಗರೊಬ್ಬರು, ಬೈತಖೋಲ್, ಕಾರವಾರ

ಉತ್ತರ: ಪೈಪ್ ಸರಿ, ಒಲೆ ಬೇಡ. ಪಿವಿಸಿ ಸುಮಾರು 80 ಡಿಗ್ರಿಗೇ ಮೆತ್ತಗಾಗಲು ಶುರುವಾಗುತ್ತದೆ, 120–140ರಲ್ಲಿ ಹೇಳಿದ ಹಾಗೆ ಬಗ್ಗುತ್ತದೆ. ಬೆಂಕಿ ತಾಗಿ ಕಂದು ಬಣ್ಣಕ್ಕೆ ತಿರುಗಿದರೆ ಘಾಟು ಹೊಗೆ ಬರುತ್ತದೆ. ಅದು ಹೈಡ್ರೋಜನ್ ಕ್ಲೋರೈಡ್, ಶ್ವಾಸಕೋಶಕ್ಕೂ ಉಕ್ಕಿಗೂ ಕೆಟ್ಟದ್ದು. ಹೀಟ್ ಗನ್ (ಬಿಸಿಗಾಳಿ ಊದುವ ಉಪಕರಣ) ತಂದು, ಅಂಗಳದಲ್ಲಿ ನಿಂತು, ಆಡಿಸುತ್ತಲೇ ಕಾಯಿಸಿ.

12 ಸೆಂ.ಮೀ. ಉದ್ದ, 3 ಸೆಂ.ಮೀ. ಅಗಲದ ಅಲಗು ಎಂದಿಟ್ಟುಕೊಳ್ಳಿ. 90 ಮಿ.ಮೀ. ಪೈಪಿನಲ್ಲಿ 16 ಸೆಂ.ಮೀ. ತುಂಡು ಕೊಯ್ದು, ಉದ್ದಕ್ಕೆ ಸೀಳಿ, ಕಾಯಿಸಿ, ಎರಡು ಹಲಗೆಗಳ ನಡುವೆ ಒತ್ತಿ ಚಪ್ಪಟೆ ಮಾಡಿ. ಗೋಡೆ 2–3 ಮಿ.ಮೀ. ದಪ್ಪ ಇರಲಿ, ತೆಳ್ಳಗಿದ್ದರೆ ಸೀಳುತ್ತದೆ, ದಪ್ಪಗಿದ್ದರೆ ಆಕಾರ ಹಿಡಿಯುವುದಿಲ್ಲ. ತಣಿದ ಮೇಲೆ 13 ಸೆಂ.ಮೀ. ಅಗಲಕ್ಕೆ ಕತ್ತರಿಸಿ.

ಅಲಗಿಗೆ ಮಾಸ್ಕಿಂಗ್ ಟೇಪ್ ಎರಡು ಸುತ್ತು ಹಾಕಿ, ಬಾಯಿಯ (ಹರಿತವಾದ ಅಂಚಿನ) ಕಡೆ ಇನ್ನೊಂದು. ಟೇಪಿನ ದಪ್ಪವೇ ಆಮೇಲೆ ಚಾಕು ಆಡುವ ಜಾಗ. ಹಲಗೆಗೆ ಒಂದಿಂಚು ಫೋಮ್ ಅಂಟಿಸಿ, ಹಲಗೆಗಳನ್ನು ಬಿಗಿಯಲು ಸಿ-ಕ್ಲಾಂಪ್ ಪಕ್ಕದಲ್ಲೇ ಇಟ್ಟುಕೊಳ್ಳಿ. ಥರ್ಮೋಕೋಲ್ ಆಗದು, ಬಿಸಿಗೆ ಕರಗುತ್ತದೆ. ಚಪ್ಪಟೆ ಮಾಡಿದ ಹಾಳೆಯನ್ನು ಮತ್ತೆ ಕಾಯಿಸಿ, ಅದು ನೆನೆದ ಚರ್ಮದ ಹಾಗೆ ಜೋತುಬಿದ್ದ ಕೂಡಲೇ, ಚರ್ಮದ ಕೈಗವಸಿನಲ್ಲಿ ಹಿಡಿದು, ಅಲಗಿನ ಬೆನ್ನು ಮಡಿಕೆಗೆ ತಾಗುವಂತೆ ಸುತ್ತಿ, ಫೋಮ್ ಹಲಗೆಗಳ ನಡುವೆ ಒತ್ತಿ ಕ್ಲಾಂಪ್ ಬಿಗಿಯಿರಿ. ಹತ್ತು ನಿಮಿಷ ಬಿಚ್ಚಬೇಡಿ. ಅವಸರಪಟ್ಟರೆ ಪೈಪಿಗೆ ತನ್ನ ಹಳೆಯ ದುಂಡಗಿನ ಆಕಾರವೇ ನೆನಪಾಗುತ್ತದೆ.

ಬಿಗಿತ ಬರಬೇಕಾದ್ದು ಹಿಡಿಯಿಂದ, ಅಲಗಿನಿಂದಲ್ಲ. ಹೆಚ್ಚಿನವರು ಇಲ್ಲೇ ಎಡವುತ್ತಾರೆ. ಹಿಡಿಯ ಮುಂದಿನ 2 ಸೆಂ.ಮೀ. ಒರೆಯೊಳಗೆ ಹೋಗಬೇಕು, ಅದರ ಉಬ್ಬಿನ ಹಿಂದೆ ಪ್ಲಾಸ್ಟಿಕ್ಕನ್ನು ಹೆಬ್ಬೆರಳಿನಿಂದ ಒತ್ತಬೇಕು. ಅಲಗನ್ನೇ ಬಿಗಿ ಹಿಡಿಸಿದರೆ ಎಳೆದಾಗಲೆಲ್ಲ ಹರಿತ ಹೋಗುತ್ತದೆ. ಕಮ್ಮಾರರು ಮಾಡಿಕೊಟ್ಟ ನೇರ ಮರದ ಹಿಡಿಯಾದರೆ ಉಬ್ಬೇ ಇರದು. ಅದಕ್ಕೆ ಗುಂಡಿಯ ಪಟ್ಟಿ ಬೇಕೇ ಬೇಕು, ದೋಣಿ ಓಲಾಡುವಾಗ ನಂಬಿಕೆಗೆ ಬಿಡುವ ಹಾಗಿಲ್ಲ.

ಅಲಗಿನ ಬಾಯಿಯಿಂದ 8 ಮಿ.ಮೀ. ಆಚೆ 4 ಮಿ.ಮೀ. ತೂತುಗಳನ್ನು ಕೊರೆದು ಸ್ಟೇನ್‌ಲೆಸ್ ಬೋಲ್ಟ್ ಹಾಕಿ. ಕಬ್ಬಿಣದ್ದು ಉಪ್ಪುಗಾಳಿಗೆ ಬಾಳದು. ತುದಿಯಲ್ಲಿ 6 ಮಿ.ಮೀ. ನೀರು ಬಸಿಯುವ ತೂತು ಮರೆಯಬೇಡಿ. ಟೇಪ್ ತೆಗೆದು, ಒಳಗಿನ ಪುಡಿ ತೊಳೆದು, ಚಾಕು ಹಾಕಿ, ಮರಳಿನ ಮೇಲೆ ತಲೆಕೆಳಗೆ ಹಿಡಿದು ಝಾಡಿಸಿ. ಬಿದ್ದರೆ ಹಿಡಿಯ ಕಡೆ ಮಾತ್ರ ಮತ್ತೆ ಕಾಯಿಸಿ ಒತ್ತಿ.

ಹಳೆಯ ಪೈಪುಗಳಲ್ಲಿ ಸೀಸ ಇರಬಹುದು. ಅಂಚನ್ನು ನೀರು ಹಾಕಿಯೇ ಉಜ್ಜಿ, ಮಾಸ್ಕ್ ಕಟ್ಟಿಕೊಳ್ಳಿ. ಅಡುಗೆಮನೆಯ ಚಾಕುವಿಗೆ ಈ ಒರೆ ಬೇಡ.

ತುಕ್ಕಿನ ಮಾತು: ಪ್ಲಾಸ್ಟಿಕ್ ನೀರು ಕುಡಿಯುವುದಿಲ್ಲ, ಆದರೆ ಹಿಡಿದಿಡುತ್ತದೆ. ಒದ್ದೆ ಚಾಕು ತುರುಕಿದರೆ ಚರ್ಮದ ಒರೆಯಷ್ಟೇ ತುಕ್ಕು. ಸಿಹಿನೀರಿನಲ್ಲಿ ತೊಳೆದು, ಒರೆಸಿ, ಮಷಿನ್ ಎಣ್ಣೆ ಸವರಿ ಇಡಿ.

ಪ್ರಶ್ನೆ: ತೋಟದ ಬಾಗಿದ ಕತ್ತಿಗೂ ಇದೇ ರೀತಿ ಆದೀತೇ?
– ಓದುಗರೊಬ್ಬರು, ಶಿರಸಿ

ಉತ್ತರ: ಆಗದು. ಬಾಗಿದ ಅಲಗು ಮುಚ್ಚಿದ ಒರೆಯಿಂದ ನೇರ ಹೊರಬರುವುದಿಲ್ಲ. ತೋಟಕ್ಕೆ ನೀರು ಬಿಡುವ ರಬ್ಬರ್ ಪೈಪಿನ ತುಂಡನ್ನು ಉದ್ದಕ್ಕೆ ಸೀಳಿ ಬಾಯಿಗೆ ತೊಡಿಸಿ, ಎರಡು ಕಡೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿಯಿರಿ. ಸೀಳಿದ ಪೈಪ್ ವರ್ಷಕ್ಕೊಮ್ಮೆ ಬದಲಾಯಿಸಿದರಾಯಿತು.