‘ಮಾಣಿಯ ಮರುಜನ್ಮ’ ಬರೆದವರಿಗೆ

ಮಾನ್ಯರೇ, ನಮಸ್ಕಾರ.

ಸಂತೆಕಟ್ಟೆಯಿಂದ ನೀವು ಕಳುಹಿಸಿದ ‘ಮಾಣಿಯ ಮರುಜನ್ಮ’ ಲೇಖನವನ್ನು ಎರಡು ಬಾರಿ ಓದಿದೆ. ಕುಡಿತದ ಚಟಕ್ಕೆ ಚಿಕಿತ್ಸೆ ಪಡೆದು ಮನೆಗೆ ಮರಳಿದ ಮಗನನ್ನು ಒಂದು ವರ್ಷ ಹೇಗೆ ಕಾಯ್ದಿರಿ ಎಂಬುದನ್ನು ಬೇರೆ ತಂದೆತಾಯಿಗಳಿಗೆ ದಾರಿಯಾಗಲೆಂದು ಬರೆದಿದ್ದೀರಿ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆವು. ಭಾಷೆಯಲ್ಲಿ ಕೊರತೆಯಿಲ್ಲ, 35 ವರ್ಷ ಬ್ಯಾಂಕಿನಲ್ಲಿ ದುಡಿದವರ ಅಚ್ಚುಕಟ್ಟು ಪ್ರತಿ ವಾಕ್ಯದಲ್ಲೂ ಇದೆ. ಆದರೆ ಯಾರ ಬದುಕನ್ನು ಕುರಿತು ಬರೆದಿದ್ದೀರೋ ಅವರು ಇಡೀ ಲೇಖನದಲ್ಲಿ ಒಂದು ಮಾತನ್ನೂ ಆಡುವುದಿಲ್ಲ.

ಮೊದಲು ಆ ‘ಮಾಣಿ’, ಅಂದರೆ ಹುಡುಗ, ಎಂಬ ಪದ. ನಮ್ಮ ಕಡೆಯ ಮನೆಗಳಲ್ಲಿ ಅರುವತ್ತಾದರೂ ಮಾಣಿ ಮಾಣಿಯೇ ಎಂಬುದು ನನಗೆ ಗೊತ್ತು. ನನ್ನ ತಾಯಿ ಈಗಲೂ ನನ್ನನ್ನು ಹಾಗೆಯೇ ಕರೆಯುತ್ತಾರೆ. ಆದರೆ ಅಚ್ಚಿನಲ್ಲಿ ಅದು ಬೇರೆ ಕೆಲಸ ಮಾಡುತ್ತದೆ. ಮಗನ ಎಟಿಎಂ ಕಾರ್ಡು ನಿಮ್ಮ ಕಪಾಟಿನಲ್ಲಿ ಇರುವುದು, ಬೆಳಿಗ್ಗೆ 100 ರೂಪಾಯಿ ಎಣಿಸಿ ಕೊಡುವುದು, ರಾತ್ರಿ ಬಸ್ಸಿನ ಟಿಕೇಟು ಸಹಿತ ಲೆಕ್ಕ ಕೇಳಿ ಖಾತೆಪುಸ್ತಕದಲ್ಲಿ ಬರೆಯುವುದು ಎಲ್ಲವೂ ಸಹಜವೆನಿಸುವುದು ಆ ಪದದಿಂದಾಗಿ. ಅದನ್ನು ತೆಗೆದು, ಮಲ್ಪೆ ಮೀನುಗಾರಿಕಾ ಬಂದರಿನ ಐಸ್ ಪ್ಲಾಂಟಿನಲ್ಲಿ ಯಂತ್ರ ನೋಡಿಕೊಳ್ಳುವ 31 ವರ್ಷದ ಕೆಲಸಗಾರರೆಂದು ಬರೆದು ಅದೇ ಭಾಗವನ್ನು ಓದಿ ನೋಡಿ. ಸ್ವಂತ ಸಂಬಳದಿಂದ ಚಹಾದ ದುಡ್ಡಿಗೆ ತಂದೆಯ ಮುಂದೆ ಕೈಚಾಚುವ ಚಿತ್ರ ನಿಮಗೂ ಕಸಿವಿಸಿ ತರಬಹುದು.

ಹಣವನ್ನು ಹಿಡಿದಿಟ್ಟದ್ದೇ ತಪ್ಪೆಂದು ನಾನು ಹೇಳುತ್ತಿಲ್ಲ. ಮೊದಲ ಕೆಲವು ವಾರ ಕೈಯಲ್ಲಿ ನಗದು ಬೇಡವೆಂದು ಚಿಕಿತ್ಸೆ ಪಡೆದವರೇ ಕೇಳಿಕೊಳ್ಳುವುದುಂಟು. ಆದರೆ ಇದು ಯಾರು ಕೇಳಿದ್ದು, ಯಾವ ದಿನಾಂಕದವರೆಗೆ, ಕಾರ್ಡು ಹಿಂದಿರುಗಿಸುವುದು ಯಾವಾಗ ಎಂಬುದನ್ನು ನೀವು ಬರೆದಿಲ್ಲ. ಅವಧಿ ನಮೂದಿಸದ ನಿಶ್ಚಿತ ಠೇವಣಿಯನ್ನು ನಿಮ್ಮ ಬ್ಯಾಂಕು ಒಪ್ಪಿಕೊಳ್ಳುತ್ತಿತ್ತೇ?

ಮೂರನೆಯ ಪುಟದಲ್ಲಿ ನೀವು ಎರಡೇ ಸಾಲಿನಲ್ಲಿ ಹೇಳಿ ಮುಗಿಸಿದ ಸಂಗತಿಯಿಂದ ಈ ಲೇಖನ ಆರಂಭವಾಗಬೇಕು. ಮಗ ನೆಟ್ಟಗೆ ಮನೆಗೆ ಬರುತ್ತಾರೋ ಇಲ್ಲವೋ ಎಂದು ತಿಳಿಯಲು ನೀವು ಸಂತೆಕಟ್ಟೆಯ ಬಸ್ ಸ್ಟಾಪಿನ ಅಂಗಡಿಯ ಮರೆಯಲ್ಲಿ, ಕಾಣಬಾರದೆಂದು ಕೊಡೆಯನ್ನೂ ಮಡಚಿ, ಮಳೆಯಲ್ಲಿ ನಿಂತಿದ್ದಿರಿ. ಅವರು ನಿಮ್ಮನ್ನು ಕಂಡರು, ಏನೂ ಹೇಳಲಿಲ್ಲ. ಮರುದಿನದಿಂದ ಮೊದಲೇ ಸಿಗುವ ಅಂಬಾಗಿಲಿನಲ್ಲೇ ಇಳಿದು ನಡೆದು ಬರತೊಡಗಿದರು. ಇದನ್ನು ಅವರ ಹಟಕ್ಕೆ ಉದಾಹರಣೆಯಾಗಿ ಕೊಟ್ಟಿದ್ದೀರಿ. ನನಗೆ ಕಂಡದ್ದು, ಯಾರೂ ಕಾಯದ ಅಷ್ಟು ದೂರದ ಹಾದಿಯಾದರೂ ತನಗಿರಲೆಂದು ಬಯಸಿದ ಒಬ್ಬ ಮನುಷ್ಯ, ಮತ್ತು ಒದ್ದೆಯಾಗಿ ನಿಂತ ಒಬ್ಬ ತಂದೆ. ಇಬ್ಬರ ಮೇಲೂ ಮರುಕ ಹುಟ್ಟುವುದು ಅಲ್ಲಿ ಮಾತ್ರ.

ಜೂನ್ ಮತ್ತು ಜುಲೈ ತಿಂಗಳನ್ನು ‘ಮನೆಯಲ್ಲೇ ಇದ್ದುದರಿಂದ ನಿಶ್ಚಿಂತೆ’ ಎಂದು ದಾಟಿಸಿದ್ದೀರಿ. ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ಆ 61 ದಿನ ಬೋಟುಗಳೆಲ್ಲ ದಡ ಸೇರಿ, ಐಸಿಗೆ ಬೇಡಿಕೆಯಿಳಿದು, ಬಂದರಿನ ಧಕ್ಕೆಯ ಸುತ್ತ ಎಷ್ಟೋ ಜನರಿಗೆ ಕೈಯಲ್ಲಿ ಕೆಲಸವಿಲ್ಲದ ಹೊತ್ತು ಮಾತ್ರ ಉಳಿಯುತ್ತದೆ. ಕುಡಿತ ಬಿಟ್ಟವರಿಗೆ ಖಾಲಿ ಹೊತ್ತು, ಬೇಸರ ಮತ್ತು ಹಳೆಯ ಗೆಳೆಯರು ಮೂರೂ ಒಟ್ಟಿಗೆ ಒದಗುವುದು ಕಠಿಣ ಪರೀಕ್ಷೆ. ಅದನ್ನು ಅವರು ಹೇಗೆ ಕಳೆದರು? ಕೇಳಿ ಬರೆಯಿರಿ. ಬೇರೆ ಮನೆಯವರಿಗೆ ನಿಮ್ಮ ಖಾತೆಪುಸ್ತಕಕ್ಕಿಂತ ಆ ಉತ್ತರ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಐದನೆಯ ಪುಟದ ಒಂದು ಭಾಗವನ್ನು ಯಾವ ಕಾರಣಕ್ಕೂ ಹಾಗೆಯೇ ಬಿಡಲಾಗದು. ಚಿಕಿತ್ಸೆಯ ಶಿಬಿರಕ್ಕೆ ಸೇರಿಸುವ ಮುನ್ನ, ಕುಡಿತ ಬಿಡಿಸಲೆಂದು ನೆಂಟರೊಬ್ಬರು ಕೊಟ್ಟ ಡೈಸಲ್ಫಿರಾಮ್ ಮಾತ್ರೆಯನ್ನು ಪುಡಿಮಾಡಿ ಗಂಜಿಯಲ್ಲಿ ಬೆರೆಸಿದ್ದನ್ನು ಜಾಣ್ಮೆಯೆಂಬಂತೆ ಬರೆದಿದ್ದೀರಿ. ಈ ಮಾತ್ರೆ ದೇಹದಲ್ಲಿರುವಾಗ ಮದ್ಯ ಸೇವಿಸಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಹೊಡೆದುಕೊಂಡು, ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಎರವಾಗಬಹುದು. ಮಾತ್ರೆ ನಿಲ್ಲಿಸಿದ ಎರಡು ವಾರದವರೆಗೂ ಆ ಅಪಾಯ ಇರಬಹುದು. ಆದ್ದರಿಂದ ವೈದ್ಯರು ಅದನ್ನು ತಪಾಸಣೆಯ ಬಳಿಕ, ಸೇವಿಸುವವರಿಗೆ ಎಲ್ಲವನ್ನೂ ತಿಳಿಸಿ, ಅವರ ಒಪ್ಪಿಗೆಯಿಂದಲೇ ಕೊಡಬೇಕು. ಮಗನೇ ಒಪ್ಪಿ, ದಿನವೂ ನಿಮ್ಮೆದುರು ಮಾತ್ರೆ ನುಂಗುವುದು ಬೇರೆ; ಗುಟ್ಟಾಗಿ ಉಣಿಸುವುದು ಬೇರೆ. ಮಾಡಿದ್ದನ್ನು ಮುಚ್ಚಿಡಬೇಕಾಗಿಲ್ಲ, ಆದರೆ ತಪ್ಪೆಂದು ತಿಳಿದೇ ಬರೆಯಬೇಕು.

ಕುಡಿತ ಬಿಡಬಯಸುವವರ ಕೂಟವಾದ ಎ.ಎ. (ಆಲ್ಕೊಹಾಲಿಕ್ಸ್ ಅನಾನಿಮಸ್) ಸಭೆಯಲ್ಲಿ ಮಗನ ಜೊತೆ ಕೂರುವವರ ಹೆಸರು, ಊರುಗಳನ್ನು ನಾನು ಹೊಡೆದುಹಾಕಿದ್ದೇನೆ. 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆ ಕೂಟದ ಹೆಸರಲ್ಲೇ ಅನಾಮಿಕತೆಯಿದೆ. ಮನೆಯವರಿಗಾಗಿಯೇ ಅಲ್-ಅನಾನ್ ಎಂಬ ಕೂಟ 1951ರಿಂದ ನಡೆದು ಬಂದಿದೆ. ನಿಮ್ಮ ಲೇಖನದಲ್ಲಿ ಅದರ ಉಲ್ಲೇಖವೇ ಇಲ್ಲ. ಹೆತ್ತವರು ಸಲಹೆಗೆ ಸಂಪರ್ಕಿಸಲೆಂದು ಕೊಟ್ಟ ನಿಮ್ಮ ಮೊಬೈಲ್ ಸಂಖ್ಯೆಯ ಬದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಇರಲಿ. ‘ಸಂಪೂರ್ಣ ಗುಣಮುಖ’ ಎಂಬ ಕೊನೆಯ ಸಾಲೂ ಬೇಡ. ಮಧುಮೇಹದ ಹಾಗೆ ಇದೂ ಬಹುಕಾಲ ನೋಡಿಕೊಳ್ಳಬೇಕಾದದ್ದು, ಮರುಕಳಿಸುವುದು ಅಪರೂಪವೂ ಅಲ್ಲ. ಮುಂದೊಮ್ಮೆ ಅವರು ಕುಡಿದು ಬಂದರೆ, ಅಚ್ಚಾದ ಈ ಸಾಲು ಅವರನ್ನು ಸುಳ್ಳುಗಾರನನ್ನಾಗಿ ಮಾಡುತ್ತದೆ.

ತಿದ್ದಿದ ಪ್ರತಿಯನ್ನು ಮೊದಲು ಮಗನಿಗೆ ಓದಲು ಕೊಡಿ. ಹೆಸರು ಬದಲಿಸಿದರೂ ಮಲ್ಪೆ, ಸಂತೆಕಟ್ಟೆಯವರು ಗುರುತಿಸದೆ ಇರಲಾರರು. ಅವರ ಲಿಖಿತ ಒಪ್ಪಿಗೆಯಿಲ್ಲದೆ ನಾವು ಪ್ರಕಟಿಸುವುದಿಲ್ಲ. ಅವರು ಬೇಡವೆಂದರೆ ಲೇಖನವನ್ನು ಮತ್ತೆ ಕಳುಹಿಸಬೇಡಿ, ಕಾರಣವನ್ನು ನನಗೆ ಬರೆಯುವ ಅಗತ್ಯವೂ ಇಲ್ಲ.

ಇತಿ,
ಸಂಪಾದಕ