ಸ್ಕೂಬಾ ಡೈವರ್‌ಗಳು ಅಷ್ಟು ಬೇಗ ಆಪ್ತರಾಗುವುದು ಹೇಗೆ?

ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಾಳಕ್ಕೆ ಜೋಡಿಯಾಗಿ ಇಳಿಯುವ ಪದ್ಧತಿಯಿಂದ. ಸಾಮಾನ್ಯವಾಗಿ ಯಾರೂ ಒಬ್ಬರೇ ಇಳಿಯುವುದಿಲ್ಲ, ಜೊತೆಗೊಬ್ಬ 'ಬಡ್ಡಿ' ಇರಬೇಕು (ಅಂದ್ರೆ ಜೊತೆಗಾರ, ಸಾಲದ ಬಡ್ಡಿ ಅಲ್ಲ!). ನೀರಿಗೆ ಹಾರುವ ಮೊದಲು ಒಬ್ಬರ ಸಿಲಿಂಡರ್, ಬೆಲ್ಟು, ಬಕಲ್‌ಗಳನ್ನು ಇನ್ನೊಬ್ಬರು ಮುಟ್ಟಿ ನೋಡುತ್ತಾರೆ. ಪ್ರತಿಯೊಬ್ಬರ ಬಳಿಯೂ ಉಸಿರಾಡಲು ಬಾಯಿಗಿಡುವ ಒಂದು ಹೆಚ್ಚುವರಿ ಮೌತ್‌ಪೀಸ್ ಇರುತ್ತದೆ, ಹೆಚ್ಚಾಗಿ ಹಳದಿ ಬಣ್ಣದ್ದು. ಅದು ಮುಖ್ಯವಾಗಿ ಜೊತೆಗಾರನ ಗಾಳಿ ಮುಗಿದರೆ ಕೊಡಲು. 20 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ 3 ಪಟ್ಟು, ಗಾಳಿಯೂ ಅಷ್ಟೇ ಬೇಗ ಖಾಲಿ. ಅಂಥ ಕಡೆ ಗುರುತು ಪರಿಚಯ ಇಲ್ಲದವರೂ ನಂಟರಾಗಿಬಿಡುತ್ತಾರೆ ಅಲ್ವಾ?

ಭಾಷೆ ಬೇರೆಯಾದರೂ ಮುಖ್ಯ ಕೈಸನ್ನೆಗಳು ಒಂದೇ. ಹೆಬ್ಬೆರಳು ಎತ್ತಿದರೆ 'ಚೆನ್ನಾಗಿದೆ' ಅಂತಲ್ಲ, 'ಮೇಲಕ್ಕೆ ಹೋಗೋಣ' ಅಂತ. ಹೊಸಬರು ಖುಷಿಗೆ ಸುಮ್ನೆ ಎತ್ತಿ, ಜೊತೆಗಾರರು ಮೇಲೆ ಹೊರಟೇಬಿಡುವುದೂ ಉಂಟು. ಆಮೇಲೆ ದೋಣಿಯಲ್ಲಿ ಅದೇ ನಗೆ, ಇಳಿದದ್ದನ್ನೆಲ್ಲ ಬರೆದಿಡುವ ಲಾಗ್‌ಬುಕ್‌ಗೆ ಒಬ್ಬರಿಗೊಬ್ಬರ ಸಹಿ.