ಹೃದಯಾಘಾತವಾದವರಿಗೆ ಪೊಟ್ಯಾಸಿಯಂ 3.1: ಡ್ರಿಪ್ ಯಾಕಷ್ಟು ನಿಧಾನ?

ಐಸಿಯುನಲ್ಲಿರುವ ನಿಮ್ಮ ತಂದೆಯವರಿಗೆ ಹಿಂದೆಂದೂ ಕಡಿಮೆಯಾಗದ ಪೊಟ್ಯಾಸಿಯಂ ಈಗೇಕೆ 3.1ಕ್ಕೆ (ಒಂದು ಲೀಟರಿಗೆ ಇಷ್ಟು ಮಿಲಿ ಈಕ್ವಿವಲೆಂಟ್ ಎಂಬ ಲೆಕ್ಕ) ಇಳಿಯಿತು, ಕೊಡುವುದನ್ನು ಬೇಗ ಕೊಟ್ಟು ಮುಗಿಸಬಾರದೇ ಎಂದು ಕೇಳಿದ್ದೀರಿ.

ಇಳಿದ ಪೊಟ್ಯಾಸಿಯಂ ಎಲ್ಲವೂ ದೇಹದಿಂದ ಹೊರಗೆ ಹೋಗಿರುವುದಿಲ್ಲ. ಹೃದಯಾಘಾತದ ನೋವು, ಒತ್ತಡಕ್ಕೆ ಅಡ್ರಿನಲಿನ್ ಏರುತ್ತದೆ. ಅದು ರಕ್ತದಲ್ಲಿರುವ ಪೊಟ್ಯಾಸಿಯಂ ಅನ್ನು ಜೀವಕೋಶಗಳ ಒಳಗೆ ತಳ್ಳುತ್ತದೆ. ಇನ್ಸುಲಿನ್, ಉಬ್ಬಸಕ್ಕೆ ಕೊಡುವ ಸಾಲ್ಬುಟಮಾಲ್ ನೆಬ್ಯುಲೈಸರ್ ಮಾಡುವುದೂ ಇದನ್ನೇ. ಬಿಪಿಗೆಂದು ಮೊದಲಿನಿಂದ ಮೂತ್ರ ಹೆಚ್ಚಿಸುವ ಥಯಾಜೈಡ್ ಮಾತ್ರೆ ನುಂಗುತ್ತಿದ್ದರೆ, ಅಥವಾ ಶ್ವಾಸಕೋಶದಲ್ಲಿ ನೀರು ತುಂಬಿದೆಯೆಂದು ಅದೇ ಬಗೆಯ ಫ್ಯೂರೋಸಮೈಡ್ ಕೊಟ್ಟಿದ್ದರೆ, ಆಗ ಮೂತ್ರದಲ್ಲಿ ನಿಜಕ್ಕೂ ನಷ್ಟವಾಗಿರುತ್ತದೆ.

ಒಳಗೇ ಇದೆಯಲ್ಲ ಎಂದು ಸುಮ್ಮನಿರುವಂತಿಲ್ಲ. ರಕ್ತ ಸಿಗದೆ ನೊಂದ ಹೃದಯದ ಸ್ನಾಯು ಮೊದಲೇ ಕೆರಳಿರುತ್ತದೆ. ಪೊಟ್ಯಾಸಿಯಂ ಕಡಿಮೆಯಾದರೆ ಲಯ ತಪ್ಪಿ ವೆಂಟ್ರಿಕ್ಯುಲರ್ ಫಿಬ್ರಿಲೇಶನ್‌ಗೆ (ಹೃದಯ ರಕ್ತ ತಳ್ಳದೆ ಬರಿದೇ ಅದುರುವ ಸ್ಥಿತಿ) ಹೋಗುವ ಅಪಾಯ ಹೆಚ್ಚು. ಇಸಿಜಿಯಲ್ಲಿ ಟಿ ಅಲೆ ಚಪ್ಪಟೆಯಾಗಿ, ಅದರ ಹಿಂದೆ ಸಣ್ಣ ಯು ಅಲೆ ಕಾಣಿಸಬಹುದು.

ಇನ್ನು ವೇಗದ ಮಾತು. ಕೈಯ ನರದಲ್ಲಾದರೆ ಸಾಮಾನ್ಯವಾಗಿ ಗಂಟೆಗೆ 10 ಮಿಲಿ ಈಕ್ವಿವಲೆಂಟ್. ಸೆಂಟ್ರಲ್ ಲೈನ್ (ಹೃದಯದ ಹತ್ತಿರದ ದೊಡ್ಡ ರಕ್ತನಾಳಕ್ಕೆ ಹಾಕುವ ನಳಿಕೆ) ಇದ್ದು, ಮಾನಿಟರ್ ಹಾಕಿದ್ದರೆ 20ರವರೆಗೆ. ಪೊಟ್ಯಾಸಿಯಂ ಕ್ಲೋರೈಡನ್ನು ಸಿರಿಂಜಿನಿಂದ ನೇರವಾಗಿ ನರಕ್ಕೆ ಚುಚ್ಚಿದರೆ ಹೃದಯ ನಿಂತೇಹೋಗಬಹುದು, ಅದಕ್ಕೇ ಯಾವಾಗಲೂ ಸಲೈನಿನಲ್ಲಿ ಬೆರೆಸಿ, ಪಂಪಿನಲ್ಲಿ. 10 ಮಿಲಿ ಈಕ್ವಿವಲೆಂಟ್ ಹೋದರೆ ಮಟ್ಟ ಸುಮಾರು 0.1 ಏರುತ್ತದೆ, ಅಷ್ಟೇ. ಕೈ ಉರಿಯುತ್ತಿದೆ ಎಂದು ತಂದೆ ಹೇಳಿದರೆ ಕೂಡಲೇ ನರ್ಸಿಗೆ ತಿಳಿಸಿ. ಡ್ರಿಪ್ಪಿನ ಚಕ್ರ ಮಾತ್ರ ನೀವು ಮುಟ್ಟಬೇಡಿ. ನುಂಗಲು ಆಗುವವರಿಗೆ ಸಿರಪ್ ಕೂಡ ಕೊಡುತ್ತಾರೆ. ರುಚಿ ಕೆಟ್ಟದು, ಹೊಟ್ಟೆ ತೊಳಸುತ್ತದೆ, ನೀರು ಬೆರೆಸಿ ಕುಡಿಸಬೇಕು.

ಎಷ್ಟು ಕೊಟ್ಟರೂ ಏರದಿದ್ದರೆ ನಾನು ಮೊದಲು ಕೇಳುವುದು ಮೆಗ್ನೀಸಿಯಂ ಎಷ್ಟಿದೆ ಎಂದು. ಅದು ಕಡಿಮೆಯಿದ್ದರೆ ಮೂತ್ರಪಿಂಡ ಪೊಟ್ಯಾಸಿಯಂ ಅನ್ನು ಹಿಡಿದಿಟ್ಟುಕೊಳ್ಳುವುದಿಲ್ಲ, ಕೊಟ್ಟದ್ದೆಲ್ಲ ಸೋರಿಹೋಗುತ್ತದೆ. ನೀವೂ ಕೇಳಿ, ತಪ್ಪೇನಿಲ್ಲ.

ಎಲ್ಲಿಯವರೆಗೆ ಏರಿಸಬೇಕು ಎಂಬುದರಲ್ಲಿ ಹಳೆಯ ರೂಢಿ 4ರಿಂದ 5. ಆದರೆ 2012ರಲ್ಲಿ ಜಾಮಾ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ, ಅಮೆರಿಕದ 38 ಸಾವಿರಕ್ಕೂ ಹೆಚ್ಚು ಹೃದಯಾಘಾತದ ರೋಗಿಗಳ ಅಧ್ಯಯನದಲ್ಲಿ 3.5ರಿಂದ 4.5ರ ನಡುವೆ ಇದ್ದವರಲ್ಲೇ ಸಾವು ಅತಿ ಕಡಿಮೆ, 4.5 ದಾಟಿದವರಲ್ಲಿ ಹೆಚ್ಚು. ಹಾಗಾಗಿ 4ರ ಆಸುಪಾಸಿಗೆ ಬಂದ ಮೇಲೂ ಸುರಿಯುತ್ತಲೇ ಇರುವುದು ನನಗೆ ಸರಿ ಕಾಣುವುದಿಲ್ಲ. ಅಡ್ರಿನಲಿನ್ ಇಳಿದಾಗ ಒಳಗೆ ಹೋಗಿದ್ದೂ ಹೊರಬರುತ್ತದೆ. ಮೂತ್ರ ಕಡಿಮೆಯಾಗಿದ್ದರೆ, ಮೂತ್ರಪಿಂಡದ ಕೆಲಸ ತೋರಿಸುವ ಕ್ರಿಯಾಟಿನಿನ್ ಏರಿದ್ದರೆ ಇನ್ನೂ ಎಚ್ಚರ ಬೇಕು. ಕೊಡುವಾಗ ಕೆಲವು ಗಂಟೆಗೊಮ್ಮೆ ರಕ್ತ ತೆಗೆಯುವುದು ಇದಕ್ಕೇ.

ಮನೆಗೆ ಹೋಗುವಾಗ ತೊಂದರೆ ತಿರುವುಮುರುವಾಗಬಹುದು. ಹೃದಯಕ್ಕೆಂದು ಬರೆದುಕೊಡುವ ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ಮಾತ್ರೆಗಳೆರಡೂ ಪೊಟ್ಯಾಸಿಯಂ ಏರಿಸುತ್ತವೆ; 'ಕಡಿಮೆ ಸೋಡಿಯಂ' ಉಪ್ಪಿನಲ್ಲಿ ಇರುವುದೂ ಪೊಟ್ಯಾಸಿಯಂ ಕ್ಲೋರೈಡೇ. ಆಸ್ಪತ್ರೆಯ ಸಿರಪ್ಪನ್ನು ಮುಂದುವರಿಸಬೇಕೇ, ನಿಲ್ಲಿಸಬೇಕೇ, ಮುಂದಿನ ರಕ್ತಪರೀಕ್ಷೆ ಯಾವತ್ತು ಎಂಬುದನ್ನು ಡಿಸ್ಚಾರ್ಜ್ ಚೀಟಿಯಲ್ಲೇ ಬರೆಸಿಕೊಳ್ಳಿ.